ಪ್ರಯೋಗಶಾಲೆಯಿಂದ ಸಂತೆಗೆ

ಸಂಕ್ರಾಂತಿ ಕಳೆದು ಎರಡು ವಾರಗಳಾಗಿದ್ದವು. ಗದಗ ತಾಲೂಕಿನ ಹರ್ತಿಯಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯ ಹಿಂದಿನ ಕಣದಲ್ಲಿ ಕುಳಿತಿದ್ದೆ. ಕಣದ ತುಂಬ ಹರವಿದ್ದ ಮೆಣಸಿನಕಾಯಿ ಬಿಸಿಲಿಗೆ ಸುಕ್ಕುಗಟ್ಟುತ್ತಿತ್ತು. ಸುತ್ತಲೂ ಎರೆಹೊಲ, ಅದರಾಚೆ ಕಪ್ಪತಗುಡ್ಡದ ಸಾಲು, ಮತ್ತು ನಮ್ಮ ಜನ ‘ಫ್ಯಾನು’ ಎಂದು ಕರೆಯುವ ಗಾಳಿಯಂತ್ರಗಳು. ಈ ಹುಡುಗ ಪದವಿಪೂರ್ವ ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿದವನು. ಬಳಿಕ ಹುಬ್ಬಳ್ಳಿಗೆ ಹೋಗಿ ಎಂಜಿನಿಯರನಾದವನು. ಅಲ್ಲಿಯ ಪ್ರಯೋಗಶಾಲೆಯಲ್ಲಿ ಗುರುಗಳೊಡನೆ ಮೂರು ವರ್ಷ ಸಂಶೋಧನೆ ನಡೆಸಿದವನು. ಆ ಮೂರು ವರ್ಷಗಳ ಫಲ, ತೆಂಗಿನಕಾಯಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆ, ಅಂದು ನಮ್ಮ ಮುಂದೆ ಚಾಪೆಯ ಮೇಲಿತ್ತು. ಒಣಮೆಣಸಿನಕಾಯಿಯಲ್ಲಿ ಇನ್ನೆಷ್ಟು ಹಸಿ ಉಳಿದಿದೆಯೆಂಬುದನ್ನು ಅದು ಹೇಳುತ್ತದಂತೆ.

ಹುಡುಗ ಒಂದು ಹಿಡಿ ಕಾಯಿಯನ್ನು ಪೆಟ್ಟಿಗೆಗೆ ತುಂಬಿ ಗುಂಡಿಯನ್ನೊತ್ತಿದ. ಅಂಕಿ ಮೂಡಿತು. ಅವನ ತಂದೆ ತಮ್ಮದೇ ಪದ್ಧತಿಯಂತೆ ಒಂದು ಕಾಯಿಯನ್ನು ಎತ್ತಿಕೊಂಡು, ಕಿವಿಯ ಬಳಿ ಹಿಡಿದು ಅಲುಗಿಸಿದರು. ಒಳಗಿನ ಬೀಜ ಗಲಗಲ ಸದ್ದು ಮಾಡಿತು. ಇಬ್ಬರ ತೀರ್ಪೂ ಒಂದೇ ಆಗಿತ್ತು. ಹಿರಿಯರು ಕಾಯಿಯನ್ನು ಮರಳಿ ಕಣಕ್ಕೆ ಹಾಕಿ ನನ್ನತ್ತ ತಿರುಗಿದರು.

“ಯಂತ್ರ ಖರೇ ಹೇಳತೈತ್ರಿ ಸರ, ಇಲ್ಲ ಅನ್ನೂದಿಲ್ಲ. ಆದರ ಈ ಖರೇ ಮಾತಿಗೆ ರೊಕ್ಕ ಕೊಡಾವ್ರು ಯಾರು?”

ಅವರ ಕಳವಳಕ್ಕೆ ಕಾರಣವಿತ್ತು. ಬೆಂಗಳೂರಿನ ಕಂಪನಿಯೊಂದರಿಂದ ಮಗನಿಗೆ ನೌಕರಿಯ ಪತ್ರ ಬಂದಿತ್ತು. ಯುಗಾದಿಯೊಳಗೆ ಉತ್ತರ ಕೊಡಬೇಕಾಗಿತ್ತು. ಮಗನೋ, ನೌಕರಿ ಬೇಡ, ಈ ಪೆಟ್ಟಿಗೆಯನ್ನೇ ಆಧಾರವಾಗಿಟ್ಟುಕೊಂಡು ತಾನೊಂದು ಕಂಪನಿ ಕಟ್ಟುವೆನೆಂದು ಹಟ ಹಿಡಿದಿದ್ದ. ಇಂಥ ಸಾಹಸಕ್ಕೆ ‘ಸ್ಟಾರ್ಟ್‌ಅಪ್’ ಎಂಬ ಹೆಸರು ಈಗ ಊರೂರಲ್ಲಿಯೂ ಕೇಳಿಬರುತ್ತಿದೆ. ಪತ್ರಿಕೆಗಳು ಅದನ್ನು ‘ನವೋದ್ಯಮ’ ಎನ್ನುತ್ತವೆ. ಹೊಲದ ಮೇಲೆ ಬ್ಯಾಂಕಿನ ಸಾಲವಿದ್ದ ತಂದೆಗೆ ಆ ಹೆಸರಿನಿಂದ ಧೈರ್ಯ ಬಂದಿರಲಿಲ್ಲ. “ನೀವಾದರೂ ಅವಗ ತಿಳಿಸಿ ಹೇಳ್ರಿ” ಎಂದು ನನ್ನನ್ನು ಕರೆಸಿದ್ದರು.

ನಾನು ಕನ್ನಡ ಪಾಠ ಹೇಳುವವನು. ಲಾಭನಷ್ಟದ ಲೆಕ್ಕ ನನಗೆ ಬಾರದು. ಆದರೂ ವಿದ್ಯೆಯು ಉದ್ಯಮವಾಗಿ ಮಾರ್ಪಡುವ ಈ ಬಗೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಅದಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅಂದು ಆ ಕಣದಲ್ಲಿ ನನಗೆ ತಿಳಿದ ಮೂರು ಪ್ರಸಂಗಗಳನ್ನು ತಂದೆ ಮಗ ಇಬ್ಬರಿಗೂ ಹೇಳಿದೆ. ಅವುಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಗಂಧದೆಣ್ಣೆಯ ಪ್ರಸಂಗ

ಬೆಂಗಳೂರಿನಲ್ಲಿ ಜನ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪಿತವಾಯಿತು. 1911ರಲ್ಲಿ ಅಲ್ಲಿ ಪಾಠಗಳು ಆರಂಭವಾದವು. ಮೂರು ವರ್ಷ ಕಳೆಯುವಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಮೈಸೂರಿನ ಕಾಡುಗಳ ಶ್ರೀಗಂಧವು ಅದುವರೆಗೆ ಕಟ್ಟಿಗೆಯ ರೂಪದಲ್ಲಿ ಯುರೋಪಿಗೆ ಹೋಗುತ್ತಿತ್ತು. ಅದರಿಂದ ಎಣ್ಣೆ ತೆಗೆಯುವ ಕೆಲಸ ಜರ್ಮನಿಯೇ ಮೊದಲಾದ ದೇಶಗಳಲ್ಲಿ ನಡೆಯುತ್ತಿತ್ತು. ಯುದ್ಧ ಹತ್ತಿಕೊಂಡೊಡನೆ ಆ ಮಾರ್ಗ ಮುಚ್ಚಿತು. ಸರಕಾರದ ಕೋಠಿಗಳಲ್ಲಿ ಗಂಧದ ಕೊರಡುಗಳು ರಾಶಿ ಬಿದ್ದವು.

ಆಗ ವಿಜ್ಞಾನ ಸಂಸ್ಥೆಯ ರಸಾಯನ ವಿಭಾಗದಲ್ಲಿದ್ದ ಸಡ್‌ಬರೋ ಮತ್ತು ವಾಟ್ಸನ್ ಎಂಬ ಇಬ್ಬರು ಪ್ರಾಧ್ಯಾಪಕರು ಪ್ರಯೋಗಶಾಲೆಯಲ್ಲಿ ಗಂಧದೆಣ್ಣೆಯನ್ನು ಬಟ್ಟಿಯಿಳಿಸಿ ತೋರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿದ್ದ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲವದು. ಸಂಸ್ಥಾನವು ಆ ವಿದ್ಯೆಯನ್ನು ಅಲ್ಲಿಗೇ ಬಿಡಲಿಲ್ಲ. 1916ರಲ್ಲಿ ಎಣ್ಣೆ ತಯಾರಿಸುವ ಕೆಲಸ ಆರಂಭವಾಯಿತು. ಎಸ್. ಜಿ. ಶಾಸ್ತ್ರಿಗಳು ಸಾಬೂನು ತಯಾರಿಕೆಯನ್ನು ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದರು. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆ ನಡೆಯತೊಡಗಿತು. ಆನೆಯ ತಲೆ, ಸಿಂಹದ ಮೈಯುಳ್ಳ ಶರಭದ ಗುರುತನ್ನು ಹೊತ್ತ ಮೈಸೂರು ಸ್ಯಾಂಡಲ್ ಸಾಬೂನು ಇಂದಿಗೂ ನಮ್ಮ ಬಚ್ಚಲುಮನೆಗಳಲ್ಲಿದೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರಾಧ್ಯಾಪಕರ ಪ್ರಯೋಗ ಎಷ್ಟು ಮುಖ್ಯವೋ, ಅದರ ಸುತ್ತಲಿನ ಸಂದರ್ಭವೂ ಅಷ್ಟೇ ಮುಖ್ಯವಾಗಿತ್ತು. ಕಚ್ಚಾ ಸಾಮಗ್ರಿ ಸರಕಾರದ ಕೈಯಲ್ಲಿತ್ತು. ಬಂಡವಾಳವನ್ನು ಹೂಡುವವರೂ ಅವರೇ ಆಗಿದ್ದರು. ಗಂಧದೆಣ್ಣೆಯನ್ನು ಕೊಳ್ಳುವವರು ಲೋಕದಲ್ಲಿ ಮೊದಲೇ ಇದ್ದರು. ಕೊರತೆಯಾಗಿದ್ದದ್ದು ಮಧ್ಯದ ಒಂದು ಕೊಂಡಿ ಮಾತ್ರ. ಆ ಕೊಂಡಿಯನ್ನು ವಿಜ್ಞಾನ ಒದಗಿಸಿತು. ಹುಬ್ಬಳ್ಳಿಯಿಂದ ಬಂದ ನಮ್ಮ ಹುಡುಗನಿಗೆ ಇಂಥ ಅನುಕೂಲವಿರಲಿಲ್ಲ. ಅವನ ಕೈಯಲ್ಲಿ ಕೊಂಡಿ ಮಾತ್ರವಿತ್ತು. ಎರಡು ತುದಿಗಳನ್ನೂ ಅವನೇ ಹುಡುಕಬೇಕಾಗಿತ್ತು.

ಹೊಲದಲ್ಲಿ ಬೆಳೆದ ಉದ್ಯಮ

ಎರಡನೆಯ ಪ್ರಸಂಗಕ್ಕಾಗಿ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಅದು ನಮ್ಮ ಎರೆಭೂಮಿಯದೇ. ಹರ್ತಿಯ ಹಿರಿಯರಿಗೆ ‘ವರಲಕ್ಷ್ಮಿ’, ‘ಜಯಲಕ್ಷ್ಮಿ’ ಎಂದರೆ ದೇವತೆಗಳ ಜೊತೆಗೆ ಹತ್ತಿಯೂ ನೆನಪಾಗುತ್ತದೆ.

ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಡಾ. ಬಿ. ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಬಿಡುಗಡೆ ಮಾಡಿದರು. ಅದಕ್ಕೆ ಎರಡು ವರ್ಷ ಮುಂಚೆ, 1970ರಲ್ಲಿ, ಗುಜರಾತಿನ ಸೂರತ್ತಿನಿಂದ ಸಿ. ಟಿ. ಪಟೇಲರ ಎಚ್-4 ಹೊರಬಂದಿತ್ತು. ಅದು ಒಂದೇ ಜಾತಿಯ ಎರಡು ತಳಿಗಳ ಸಂಕರ. ವರಲಕ್ಷ್ಮಿಯಾದರೋ ಎರಡು ಬೇರೆ ಬೇರೆ ಜಾತಿಗಳ ಹತ್ತಿಯನ್ನು ಕೂಡಿಸಿ ಪಡೆದದ್ದು: ಅಮೆರಿಕನ್ ವಂಶದ ‘ಲಕ್ಷ್ಮಿ’ ತಾಯಿ, ನೀಳ ಎಳೆಯ ಬಾರ್ಬಡೆನ್ಸ್ ಜಾತಿಯ ತಳಿ ತಂದೆ. 1981ರಲ್ಲಿ ಅದೇ ಧಾರವಾಡದಿಂದ ಡಿಸಿಎಚ್-32 ಬಂದಿತು, ಅದೇ ಜಯಲಕ್ಷ್ಮಿ. ಹೊರದೇಶದಿಂದ ತರಿಸುತ್ತಿದ್ದ ನೀಳ ಎಳೆಯ ಅರಳೆ ನಮ್ಮ ಹೊಲದಲ್ಲಿಯೇ ಬೆಳೆಯತೊಡಗಿತು.

ಈ ಸಂಶೋಧನೆ ಉದ್ಯಮವಾದ ರೀತಿ ವಿಚಾರಯೋಗ್ಯವಾದುದು. ಸಂಕರ ಬೀಜದಿಂದ ಬಂದ ಬೆಳೆಯ ಬೀಜವನ್ನೇ ಮರುವರ್ಷ ಬಿತ್ತಿದರೆ ಗುಣ ಒಡೆಯುತ್ತದೆ. ಒಂದು ಗಿಡ ತಾಯಿಯಂತೆ, ಒಂದು ತಂದೆಯಂತೆ, ಮತ್ತೊಂದು ಯಾರಂತೆಯೂ ಅಲ್ಲ. ಆದುದರಿಂದ ರೈತ ಪ್ರತಿವರ್ಷ ಹೊಸ ಬೀಜ ಕೊಳ್ಳಲೇಬೇಕು. ಬೀಜ ತಯಾರಿಸುವುದೂ ಯಂತ್ರದ ಕೆಲಸವಲ್ಲ. ಸಂಜೆಯ ಹೊತ್ತು ಮೊಗ್ಗು ಬಿಡಿಸಿ ಗಂಡು ಕೇಸರಗಳನ್ನು ಕೈಯಿಂದಲೇ ತೆಗೆಯಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ತಂದು ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೆ. ಈ ನಾಜೂಕಿನ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯಿಂದ ನಡೆಯಿತು. ರಾಣೆಬೆನ್ನೂರಿನ ಸುತ್ತಮುತ್ತ ಬೀಜೋತ್ಪಾದನೆಯೇ ಒಂದು ಕಸುಬಾಗಿ ಬೆಳೆಯಿತು. ಪ್ರಯೋಗಶಾಲೆಯ ಒಂದು ವಿದ್ಯೆ ಸಾವಿರಾರು ಕೈಗಳಿಗೆ ಇಳಿದು ಬಂದಿತು.

ಇಷ್ಟು ಹೇಳಿದಾಗ ಹುಡುಗನ ತಂದೆ ನಡುವೆ ಬಾಯಿ ಹಾಕಿದರು. “ಬೀಜಕ್ಕ ರೊಕ್ಕ ಕೊಟ್ಟೇವ್ರಿ, ಹೌದು. ಎಕರೆಗೆ ಇಷ್ಟು ಅರಳಿ ಹೆಚ್ಚು ಬಂತು ಅಂತ ಕಣ್ಣಿಲೆ ಕಂಡ ಮ್ಯಾಲ ಕೊಟ್ಟೇವಿ. ಮದಲನೇ ವರ್ಷ ಊರಾಗ ಯಾರೋ ಒಬ್ಬಿಬ್ರು ಹಾಕಿದ್ರು. ಉಳಿದವ್ರು ಬದುವಿನ ಮ್ಯಾಲ ನಿಂತು ನೋಡಿದ್ರು.”

ಇದಕ್ಕಿಂತ ಉತ್ತಮ ಅರ್ಥಶಾಸ್ತ್ರದ ಪಾಠವನ್ನು ನಾನು ಓದಿಲ್ಲ. ಬದುವಿನ ಮೇಲೆ ನಿಂತು ನೋಡುವ ಆ ಒಂದು ವರ್ಷವನ್ನು ಹೊಸ ವಸ್ತುವೊಂದು ದಾಟಬೇಕು. ವಿಶ್ವವಿದ್ಯಾನಿಲಯದ ಆಸರೆಯಿದ್ದ ಹತ್ತಿಯ ಬೀಜ ಅದನ್ನು ದಾಟಿತು. ನಿಂತು ಕಾಯುವ ಶಕ್ತಿ ಅದಕ್ಕಿತ್ತು. ಸಾಲ ಮಾಡಿ ಕಂಪನಿ ಕಟ್ಟಿದ ಯುವಕನಿಗೆ ಆ ವರ್ಷ ಹನ್ನೆರಡು ತಿಂಗಳ ಬಾಡಿಗೆ, ಸಂಬಳ, ಬಡ್ಡಿ. ಜಯಲಕ್ಷ್ಮಿಯ ಕಾಲವೂ ಹಾಗೆಯೇ ಉಳಿಯಲಿಲ್ಲ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಖಾಸಗಿ ಕಂಪನಿಗಳ ಬೀಜ ಹೊಲಗಳನ್ನು ವ್ಯಾಪಿಸಿತು. ವಿಶ್ವವಿದ್ಯಾನಿಲಯದ ಬೀಜ ಹಿಂದೆ ಸರಿಯಿತು. ಸಂತೆಯಲ್ಲಿ ಒಮ್ಮೆ ಪಡೆದ ಸ್ಥಾನ ಶಾಶ್ವತವಲ್ಲ.

ಸಿಂಪ್ಯೂಟರಿನ ಪ್ರಸಂಗ

ಮೂರನೆಯದು ತೀರ ಇತ್ತೀಚಿನದು, ಹುಡುಗನ ಸಾಹಸಕ್ಕೆ ತೀರ ಹತ್ತಿರದ್ದು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಗೋಷ್ಠಿಯಲ್ಲಿ, ಬಡ ದೇಶಗಳ ಸಾಮಾನ್ಯ ಜನರಿಗೆ ಕಂಪ್ಯೂಟರು ನಿಲುಕುವುದು ಹೇಗೆಂಬ ಪ್ರಶ್ನೆ ಎದ್ದಿತು. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ಎಂದರೆ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ ಹರಿಹರನ್ ಮತ್ತು ವಿ. ವಿನಯ್ ಅವರು, ಎನ್‌ಕೋರ್ ಎಂಬ ಕಂಪನಿಯ ಎಂಜಿನಿಯರರೊಡನೆ ಕೂಡಿ ಅದಕ್ಕೊಂದು ಉತ್ತರವನ್ನು ರಚಿಸಲು ಹೊರಟರು. ಸಿಂಪ್ಯೂಟರ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. 2001ರ ಏಪ್ರಿಲಿನಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಯಂತ್ರದ ಮಾದರಿ ಹೊರಬಂದಿತು. ಬೆಲೆ ಸುಮಾರು 9 ಸಾವಿರ ರೂಪಾಯಿ ಇರಬೇಕೆಂಬುದು ಅವರ ಉದ್ದೇಶ.

ಅದೊಂದು ಸೊಗಸಾದ ಯಂತ್ರ. ಪರದೆಯ ಮೇಲೆ ಕಡ್ಡಿಯಿಂದ ಬರೆಯಬಹುದಾಗಿತ್ತು. ಓದು ಬಾರದವರಿಗಾಗಿ ಕನ್ನಡವೇ ಮೊದಲಾದ ಭಾಷೆಗಳಲ್ಲಿ ಬರಹವನ್ನು ಮಾತಾಗಿ ಕೇಳಿಸುವ ಏರ್ಪಾಡಿತ್ತು. ಒಂದೇ ಯಂತ್ರವನ್ನು ಊರಿನ ಹಲವರು ಬಳಸಲೆಂದು, ಪ್ರತಿಯೊಬ್ಬರ ವಿವರವನ್ನೂ ಬೇರೆಯಾಗಿಡುವ ಸ್ಮಾರ್ಟ್ ಕಾರ್ಡಿನ ಸೌಕರ್ಯವಿತ್ತು. ಪ್ರಾಧ್ಯಾಪಕರು ಪಿಕೋಪೆಟಾ ಎಂಬ ಕಂಪನಿಯನ್ನು ಕಟ್ಟಿದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ‘ಅಮಿಡಾ’ ಸಿಂಪ್ಯೂಟರ್ ಅಂಗಡಿಗೆ ಬಂದಿತು. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಪುಟ ತಿರುಗುವ ಚಮತ್ಕಾರ ಅದರಲ್ಲಿತ್ತು. ಇಂದು ಯಾವ ಮೊಬೈಲಿನಲ್ಲಾದರೂ ಕಾಣುವ ಈ ಗುಣಗಳು ಆಗ ಲೋಕಕ್ಕೆ ಹೊಸವು. ವಿದೇಶದ ಪತ್ರಿಕೆಗಳೂ ಕೊಂಡಾಡಿದವು.

ಆದರೆ ಯಂತ್ರ ಮಾರಾಟವಾಗಲಿಲ್ಲ. ಐವತ್ತು ಸಾವಿರ ಮಾರಾಟವಾಗಬೇಕೆಂದು ಗುರಿಯಿದ್ದಲ್ಲಿ, 2005ರ ಸುಮಾರಿಗೆ ಹೋದದ್ದು ನಾಲ್ಕು ಸಾವಿರದಷ್ಟು ಎಂದು ವರದಿಯಾಯಿತು. ಕಾರಣವೇನು? ಯಾರಿಗಾಗಿ ಅದನ್ನು ಮಾಡಿದರೋ ಆ ಹಳ್ಳಿಗನ ಕೈಯಲ್ಲಿ 9 ಸಾವಿರ ರೂಪಾಯಿ ಇರಲಿಲ್ಲ. ಹಳ್ಳಿಗನ ಪರವಾಗಿ ಹಣ ಕೊಡಬೇಕಾದವು ಸರಕಾರದ ಇಲಾಖೆಗಳು. ಅವುಗಳ ನಡಿಗೆ ನಿಧಾನ. ಹಣವಿದ್ದ ಪಟ್ಟಣಿಗನಿಗೆ ಅದು ತನಗಾಗಿ ಮಾಡಿದ ವಸ್ತುವೆನಿಸಲಿಲ್ಲ. ಈ ನಡುವೆ ಮೊಬೈಲ್ ಫೋನು ಅಗ್ಗವಾಗಿ ಊರೂರಿಗೆ ಬಂದಿತು. ಮೊದಲು ಮಾತಿಗಾಗಿ ಕೊಂಡ ಆ ಯಂತ್ರದಲ್ಲಿಯೇ ಮುಂದೆ ಉಳಿದೆಲ್ಲವೂ ಬಂದು ಸೇರಿತು. ಬಳಸುವವನು ಒಬ್ಬ, ಹಣ ಕೊಡುವವನು ಇನ್ನೊಬ್ಬ ಆದಾಗ, ಆ ಇನ್ನೊಬ್ಬನ ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯಲು ಬಾರದು.

ಕಥೆ ಇಲ್ಲಿಗೇ ಮುಗಿದಿದ್ದರೆ ಹುಡುಗನಿಗೆ ನೌಕರಿಯ ಪತ್ರವನ್ನೇ ಹಿಡಿಯೆಂದು ಹೇಳಿ ನಾನು ಎದ್ದು ಬರುತ್ತಿದ್ದೆ. ಇದೇ ನಾಲ್ವರು ಪ್ರಾಧ್ಯಾಪಕರು 2000ದಲ್ಲಿ, ಸಿಂಪ್ಯೂಟರಿನ ಕೆಲಸ ನಡೆದಿದ್ದಾಗಲೇ, ಸ್ಟ್ರಾಂಡ್ ಜೀನೋಮಿಕ್ಸ್ ಎಂಬ ಇನ್ನೊಂದು ಕಂಪನಿಯನ್ನು ಸ್ಥಾಪಿಸಿದ್ದರು. ಮನುಷ್ಯನ ವಂಶವಾಹಿಗಳ ಲಿಪಿಯನ್ನು ವಿಜ್ಞಾನಿಗಳು ಓದತೊಡಗಿದ್ದ ಕಾಲವದು. ಆ ಅಪಾರ ರಾಶಿಯಿಂದ ಅರ್ಥವನ್ನು ಹೆಕ್ಕಿ ತೆಗೆಯುವ ಗಣಕವಿಧಾನಗಳನ್ನು ಕಂಪನಿ ರಚಿಸಿತು. ದೇಶವಿದೇಶಗಳ ಸಂಶೋಧಕರು ಅವನ್ನು ಬಳಸಿದರು. ಮುಂದೆ ಸ್ಟ್ರಾಂಡ್ ಲೈಫ್ ಸೈನ್ಸಸ್ ಎಂದು ಹೆಸರು ಬದಲಿಸಿಕೊಂಡು, ರೋಗಿಗಳ ವಂಶವಾಹಿ ಪರೀಕ್ಷೆಯ ಕಡೆಗೆ ಹೊರಳಿತು. 2021ರಲ್ಲಿ ರಿಲಯನ್ಸ್ ಸಮೂಹವು 393 ಕೋಟಿ ರೂಪಾಯಿ ಕೊಟ್ಟು ಅದರ ಶೇಕಡಾ 80ರಷ್ಟು ಪಾಲನ್ನು ಕೊಂಡಿತು. ಜನ ಅವರೇ, ವಿದ್ಯೆ ಅವರದೇ. ಒಂದರಲ್ಲಿ ಕೊಳ್ಳುವವನು ಸಿಗಲಿಲ್ಲ; ಇನ್ನೊಂದರಲ್ಲಿ ಕೊಳ್ಳುವವನನ್ನು ಅರಸುತ್ತ ಇಪ್ಪತ್ತು ವರ್ಷ ದಾರಿ ಬದಲಿಸುತ್ತ ನಡೆದರು.

ಹಕ್ಕು ಯಾರದು?

ಇಷ್ಟನ್ನು ಕೇಳಿದ ಹುಡುಗ ಒಂದು ಸಂದೇಹವನ್ನು ಮುಂದಿಟ್ಟ. “ಸರ, ಪೆಟ್ಟಿಗಿ ಮಾಡಿದ್ದು ನಾನು. ಆದರ ಲ್ಯಾಬ್ ಕಾಲೇಜಿಂದು, ಗುರುಗಳ ವಿಚಾರ ಅದರಾಗ ಐತಿ. ಇದು ನಂದು ಅಂತ ಹ್ಯಾಂಗ ಹೇಳಲಿ?”

ಅವನು ಕೇಳಿದ್ದು ನ್ಯಾಯದ ಪ್ರಶ್ನೆ. ಅಮೆರಿಕದಲ್ಲಿ 1980ರಲ್ಲಿ ಬೇ-ಡೋಲ್ ಎಂಬ ಶಾಸನ ಬಂದಿತು. ಸರಕಾರದ ಹಣದಿಂದ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾನಿಲಯವೇ ಇಟ್ಟುಕೊಂಡು ಉದ್ಯಮಗಳಿಗೆ ಪರವಾನಗಿ ಕೊಡಲು ಅದು ದಾರಿ ಮಾಡಿತು. 1998ರಲ್ಲಿ ಇಬ್ಬರು ವಿದ್ಯಾರ್ಥಿಗಳು ಗೂಗಲ್ ಕಂಪನಿಯನ್ನು ಆರಂಭಿಸಿದಾಗ, ಅದರ ಮೂಲ ವಿಧಾನದ ಪೇಟೆಂಟು ಅವರು ಓದುತ್ತಿದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹೆಸರಿನಲ್ಲಿತ್ತು. ಪರವಾನಗಿಗೆ ಪ್ರತಿಯಾಗಿ ಬಂದ ಷೇರುಗಳನ್ನು ಮಾರಿ ವಿಶ್ವವಿದ್ಯಾನಿಲಯ 33 ಕೋಟಿ ಡಾಲರುಗಳಿಗೂ ಮಿಕ್ಕು ಪಡೆಯಿತು. ನಮ್ಮ ದೇಶದಲ್ಲಿ 2008ರಲ್ಲಿ ಇಂಥದೇ ಒಂದು ಮಸೂದೆ ರಾಜ್ಯಸಭೆಗೆ ಬಂದಿತಾದರೂ ಶಾಸನವಾಗಲಿಲ್ಲ. ಆದುದರಿಂದ ಇಲ್ಲಿ ಆಯಾ ವಿದ್ಯಾಸಂಸ್ಥೆಯ ನಿಯಮಗಳೇ ಮುಖ್ಯ. ಯಾರಿಗೆ ಎಷ್ಟು ಪಾಲು, ಅಧ್ಯಾಪಕರು ಕಂಪನಿಯಲ್ಲಿ ಸೇರಬಹುದೆ, ಪ್ರಯೋಗಶಾಲೆಯನ್ನು ಮುಂದೆಯೂ ಬಳಸಬಹುದೆ ಎಂಬುದೆಲ್ಲ ಮೊದಲ ದಿನವೇ ಬರಹದಲ್ಲಿರಬೇಕು. ಸ್ನೇಹ ಗಾಢವಾಗಿರುವಾಗಲೇ ಕರಾರು ಬರೆಯುವುದು ಲೇಸು. ಮನಸ್ಸು ಮುರಿದ ಮೇಲೆ ಬರೆಯಲು ಕುಳಿತರೆ ಅಕ್ಷರಕ್ಕೊಂದು ಜಗಳ.

ಮತ್ತೊಂದು ಎಚ್ಚರಿಕೆ ಅಧ್ಯಾಪಕ ವರ್ಗಕ್ಕೆ ವಿಶೇಷವಾಗಿ ಸಲ್ಲುವಂಥದು. ನಾವು ಏನನ್ನಾದರೂ ಕಂಡುಕೊಂಡೊಡನೆ ಲೇಖನ ಪ್ರಕಟಿಸಲು ಆತುರಪಡುತ್ತೇವೆ. ಪೇಟೆಂಟಿಗೆ ಹೊಸತನವೇ ಪ್ರಾಣ. ಲೋಕಕ್ಕೆ ಆಗಲೇ ತಿಳಿದುಬಿಟ್ಟ ವಿಷಯಕ್ಕೆ ಅದು ದೊರೆಯುವುದು ಕಷ್ಟ. ಅರ್ಜಿ ಮೊದಲು, ಲೇಖನ ಆಮೇಲೆ ಎಂಬ ಕ್ರಮ ಕ್ಷೇಮಕರವಾದುದು. ಅರ್ಜಿಯ ದಿನದಿಂದ 20 ವರ್ಷಗಳ ರಕ್ಷಣೆ ಸಿಗುತ್ತದೆ.

ಬಂಡವಾಳದ ವಿಷಯದಲ್ಲಿ ಕಾಲ ಸುಧಾರಿಸಿದೆ. ಕೇಂದ್ರ ಸರಕಾರ 2016ರ ಜನವರಿಯಲ್ಲಿ ‘ಸ್ಟಾರ್ಟ್‌ಅಪ್ ಇಂಡಿಯಾ’ ಕಾರ್ಯಕ್ರಮವನ್ನು ಘೋಷಿಸಿತು. ರಾಜ್ಯ ಸರಕಾರವೂ ನವೋದ್ಯಮಗಳಿಗೆ ಅನುದಾನ ಕೊಡುತ್ತ ಬಂದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಹೊಸ ಉದ್ಯಮಗಳಿಗೆ ಜಾಗ, ಸಲಹೆ, ಆರಂಭದ ಹಣ ಒದಗಿಸುವ ಕೇಂದ್ರಗಳಿವೆ. ಹಣದ ವಿಷಯದಲ್ಲಿ ನಮ್ಮ ಗದಗ ಸೀಮೆಗೆ ತನ್ನದೇ ಒಂದು ಹಿರಿಮೆಯೂ ಇದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದದ್ದು 1905ರಲ್ಲಿ ಇದೇ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿತು. ಸಾಲ ಕೊಡುವವರೂ ಪಡೆಯುವವರೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಹಣ ಮರಳಿ ಬರುವುದೆಂಬ ನಂಬಿಕೆಗೆ ಅದೇ ಆಧಾರವಾಗಿತ್ತು. ದೂರದ ಬಂಡವಾಳಗಾರನ ಕೋಟಿಗಿಂತ, ನಮ್ಮನ್ನು ಬಲ್ಲವರ ಸಣ್ಣ ಮೊತ್ತ ಆರಂಭದಲ್ಲಿ ಹೆಚ್ಚು ಉಪಕಾರಿಯಾಗಬಹುದು. ಆ ಹಣದ ಜೊತೆಗೆ ಬುದ್ಧಿಮಾತೂ ಬರುತ್ತದೆ.

ಮತ್ತೆ ಕಣಕ್ಕೆ

ಹೊತ್ತು ಇಳಿಯುತ್ತಿತ್ತು. ತಂದೆ ಎದ್ದು, ಕಣದ ಬೇರೆ ಬೇರೆ ಮೂಲೆಗಳಿಂದ ನಾಲ್ಕು ಹಿಡಿ ಮೆಣಸಿನಕಾಯಿ ತಂದು ಮಗನ ಮುಂದಿಟ್ಟರು. ಪೆಟ್ಟಿಗೆ ಮೂರಕ್ಕೆ ಸರಿಯಾಗಿ ಹೇಳಿತು, ನಾಲ್ಕನೆಯದಕ್ಕೆ ತಪ್ಪಿತು. ಹುಡುಗನ ಮುಖ ಬಾಡಿತು. ಕಾರಣವನ್ನು ಅವನೇ ವಿವರಿಸಿದ. ಯಂತ್ರ ನೀರನ್ನು ನೇರವಾಗಿ ಕಾಣುವುದಿಲ್ಲ; ಎರಡು ಲೋಹದ ತಗಡುಗಳ ನಡುವೆ ತುಂಬಿದ ವಸ್ತು ಎಷ್ಟು ವಿದ್ಯುದಂಶವನ್ನು ಹಿಡಿದಿಡುತ್ತದೆಂಬುದನ್ನು ಅಳೆಯುತ್ತದೆ. ಈ ಗುಣದಲ್ಲಿ ನೀರಿನ ಅಂಕ ಸುಮಾರು 80. ಒಣ ವಸ್ತುವಿನದು ಬೆರಳೆಣಿಕೆಯಷ್ಟು. ಆದುದರಿಂದ ಸ್ವಲ್ಪ ತೇವ ಹೆಚ್ಚಿದರೂ ಯಂತ್ರಕ್ಕೆ ಗೊತ್ತಾಗುತ್ತದೆ. ಆದರೆ ಮೆಣಸಿನಕಾಯಿ ಟೊಳ್ಳು. ಅದನ್ನು ಒತ್ತಿ ತುಂಬಿದರೆ ಒಳಗಿನ ಗಾಳಿ ಕಡಿಮೆಯಾಗಿ ಒಂದು ಲೆಕ್ಕ. ಸಡಿಲಾಗಿ ತುಂಬಿದರೆ ಇನ್ನೊಂದು. ಪ್ರಯೋಗಶಾಲೆಯಲ್ಲಿ ಪ್ರತಿಬಾರಿಯೂ ಅವನೊಬ್ಬನೇ ತುಂಬುತ್ತಿದ್ದ, ಒಂದೇ ಹದದಲ್ಲಿ ತುಂಬುತ್ತಿದ್ದ. ಇಂದು ತುಂಬಿದ್ದು ಅಪ್ಪನ ಕೈ.

“ಹಂಗಾದರ ದಲಾಲರ ಅಂಗಡ್ಯಾಗ ಹಮಾಲ ತುಂಬಿದ್ರ?” ಎಂದು ತಂದೆ ಕೇಳಿದರು. ಹುಡುಗ ಉತ್ತರಿಸಲಿಲ್ಲ; ಕಿಸೆಯಿಂದ ಚೀಟಿ ತೆಗೆದು ಏನನ್ನೋ ಬರೆದುಕೊಂಡ.

ಬಳಿಕ ನಾವು ಮೂವರೂ ಕೂಡಿ, ಹಣ ಕೊಡುವವರು ಯಾರೆಂಬ ಮೊದಲ ಪ್ರಶ್ನೆಗೆ ಮರಳಿದೆವು. ರೈತ ವರ್ಷಕ್ಕೊಮ್ಮೆ ಕಾಯಿ ಮಾರುವವನು. ಅವನ ಕಿವಿಯೇ ಅವನಿಗೆ ಯಂತ್ರ. ದಲಾಲನಿಗೆ ‘ಹಸಿ ಐತಿ’ ಎಂದು ಬಾಯಿಮಾತಿನಲ್ಲಿ ಬೆಲೆ ತಗ್ಗಿಸುವ ಅವಕಾಶ ಇರುವಾಗ ಅಂಕಿ ಹೇಳುವ ಪೆಟ್ಟಿಗೆ ಬೇಕಾಗಲಾರದು. ಹಾಗಾದರೆ ತಪ್ಪು ಅಳತೆಯಿಂದ ನಿಜವಾಗಿ ಹಾನಿ ಯಾರಿಗೆ? ಹಿರಿಯರೇ ಹೇಳಿದರು: ಬ್ಯಾಡಗಿಯ ಶೀತಗೃಹಗಳಲ್ಲಿ ತಿಂಗಳುಗಟ್ಟಲೆ ಚೀಲಗಳನ್ನು ಇಡುವವರಿಗೆ. ಒಂದು ಹಸಿ ಚೀಲಕ್ಕೆ ಬೂಷ್ಟು ಹಿಡಿದರೆ ಅದರ ಜೊತೆಗಿನ ಚೀಲಗಳೂ ಕೆಡುತ್ತವೆ. ಹೊರದೇಶಕ್ಕೆ ಕಳಿಸುವ ವ್ಯಾಪಾರಿಗಂತೂ ಬೂಷ್ಟಿನ ವಿಷ ಅಲ್ಲಿಯ ಪರೀಕ್ಷೆಯಲ್ಲಿ ಕಂಡುಬಂದರೆ ಇಡೀ ಮಾಲೇ ತಿರಸ್ಕೃತವಾಗುತ್ತದೆ. ರೈತನಿಗಾಗಿ ಮಾಡಿದ ಪೆಟ್ಟಿಗೆಯನ್ನು ಮೊದಲು ಕೊಳ್ಳಬಹುದಾದವನು ರೈತನಲ್ಲ ಎಂಬ ಸಂಗತಿ ಹುಡುಗನಿಗೆ ಅಂದೇ ಹೊಳೆದದ್ದು. ಅದು ಅವನಿಗೆ ಅಷ್ಟಾಗಿ ಹಿತವೆನಿಸಲಿಲ್ಲವೆಂಬುದನ್ನು ನಾನು ಕಂಡೆ. ತನ್ನ ಊರಿನವರಿಗೆ ನ್ಯಾಯ ದೊರಕಿಸಬೇಕೆಂದು ಹೊರಟವನು ಅವನು. ವ್ಯಾಪಾರಿಯ ಗೋದಾಮಿನಲ್ಲಿ ಅಂಕಿಯಿಂದ ಖರೀದಿ ನಡೆಯುವ ರೂಢಿಯಾದರೆ, ನಾಳೆ ರೈತನೂ ಅಂಕಿಯನ್ನು ಕೇಳಬಹುದು ಎಂದು ನಾನು ಸಮಾಧಾನ ಹೇಳಿದೆ. ಆಗಬಹುದು, ಆಗದೆಯೂ ಇರಬಹುದು.

ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದನೆಂಬ ಪ್ರತೀತಿ ನಮ್ಮಲ್ಲಿದೆ. ಓಲೆಯ ಮೇಲಿನ ಆ ಕಾವ್ಯ ಊರೂರಿಗೆ ಮುಟ್ಟಿದ್ದು ಪ್ರತಿ ಮಾಡಿಕೊಂಡ ಲಿಪಿಕಾರರಿಂದ, ರಾತ್ರಿಯಿಡೀ ಗುಡಿಯ ಕಟ್ಟೆಯ ಮೇಲೆ ಓದಿ ಕೇಳಿಸಿದ ಗಮಕಿಗಳಿಂದ, ಎಣ್ಣೆ ಹಾಕಿ ದೀಪ ಹಚ್ಚಿಟ್ಟ ಕೇಳುಗರಿಂದ. ಅವರ ಹೆಸರನ್ನು ನಾವು ಬಲ್ಲೆವೆ? ನಮ್ಮ ವಿಶ್ವವಿದ್ಯಾನಿಲಯಗಳ ಕಪಾಟುಗಳಲ್ಲಿ ಮಹಾಪ್ರಬಂಧಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಎಷ್ಟೋ ಬದುಕಿಗೆ ಬೇಕಾದ ವಿದ್ಯೆ ಇದ್ದೀತು. ಅವನ್ನು ಹೊರಗೆ ತಂದು ಓದಿ ಕೇಳಿಸುವವರಿಗೆ ನಾವು ಇನ್ನೂ ಗೌರವ ಕೊಟ್ಟಿಲ್ಲ. ಅಂಥ ಕೆಲಸವನ್ನು ವ್ಯಾಪಾರವೆಂದು ಹಗುರವಾಗಿ ಕಾಣುವ ಅಭ್ಯಾಸ ಅಧ್ಯಾಪಕರಲ್ಲಿ ಇದೆ, ನನ್ನಲ್ಲಿಯೂ ಇತ್ತು. ಕಾಯಕಕ್ಕೆ ಘನತೆ ಕೊಟ್ಟ ಶರಣರ ನಾಡಿನಲ್ಲಿ ಇದು ಸಲ್ಲದು.

ಕೊನೆಗೆ ತಂದೆ ಮಗ ಒಂದು ಒಪ್ಪಂದಕ್ಕೆ ಬಂದರು. ಕಂಪನಿಯನ್ನು ಈಗಲೇ ನೋಂದಾಯಿಸುವುದು ಬೇಡ. ಬೆಂಗಳೂರಿಗೆ ಹೋಗುವುದೂ ಬೇಡ. ಈ ಸುಗ್ಗಿ ಮತ್ತು ಮುಂದಿನ ಸುಗ್ಗಿ, ಎರಡು ಹಂಗಾಮು, ಹುಡುಗ ಹುಬ್ಬಳ್ಳಿಯ ಪ್ರಯೋಗಶಾಲೆಯಲ್ಲಿಯೇ ಅಲ್ಪ ವೇತನಕ್ಕೆ ಉಳಿಯಬೇಕು. ಯಾರ ಕೈ ತುಂಬಿದರೂ ಪೆಟ್ಟಿಗೆ ಸರಿಯಾಗಿ ಹೇಳುವಂತೆ ಮಾಡಬೇಕು. ಹಕ್ಕಿನ ಕರಾರನ್ನು ಗುರುಗಳೊಡನೆ ಬರೆದುಕೊಳ್ಳಬೇಕು. ಬ್ಯಾಡಗಿಯಲ್ಲಿ ಒಬ್ಬನಾದರೂ ವ್ಯಾಪಾರಿ ಮುಂಗಡ ಹಣ ಕೊಟ್ಟು ಒಂದು ಪೆಟ್ಟಿಗೆಯನ್ನು ಕೇಳಿದ ದಿನ ಕಂಪನಿಯ ಮಾತು. ಅಷ್ಟರವರೆಗೆ ಬ್ಯಾಂಕಿನ ಕಂತನ್ನು ತಾವೇ ನೋಡಿಕೊಳ್ಳುವುದಾಗಿ ತಂದೆ ಒಪ್ಪಿದರು. “ಎರಡು ಸುಗ್ಗಿ ಬದುವಿನ ಮ್ಯಾಲ ನಿಂತು ನೋಡ್ತೀನಪಾ” ಎಂದರು. ನೌಕರಿಯ ಪತ್ರಕ್ಕೆ ಬರೆಯಬೇಕಾದ ಉತ್ತರವನ್ನು ಹುಡುಗ ನನ್ನಿಂದಲೇ ತಿದ್ದಿಸಿಕೊಂಡ. ಎರಡು ಕಾಗುಣಿತದ ತಪ್ಪುಗಳಿದ್ದವು.

ಸಂಜೆಯ ಬಸ್ಸಿಗೆ ನಾನು ಹೊರಟಾಗ ಕಣದಲ್ಲಿ ಕತ್ತಲೆಯಾಗಿತ್ತು. ಇಬ್ಬನಿ ಬೀಳುವ ಮೊದಲು ಮೆಣಸಿನಕಾಯಿಯನ್ನು ರಾಶಿ ಮಾಡಿ ತಾಡಪತ್ರಿ ಹೊದಿಸುವ ಅವಸರ ಮನೆಮಂದಿಗೆಲ್ಲ. ಹುಡುಗ ಪೆಟ್ಟಿಗೆಯನ್ನು ಬದಿಗಿಟ್ಟು, ಅಪ್ಪನ ಜೊತೆಗೆ ತಾಡಪತ್ರಿಯ ಇನ್ನೊಂದು ತುದಿಯನ್ನು ಹಿಡಿದಿದ್ದ.